ಅಜ್ಜನ ಕೈ ಹಿಡಿದ ಮೊಮ್ಮಗಳು: ಹಝ್ರತ್ ಅಸ್ಮಾ ಬಿಂತ್ ಅಬೂಬಕರ್(ರ)

ಹಿಜ್ರಾದ ಚರಿತ್ರೆಯನ್ನು ನಾವೆಲ್ಲ ಮದ್ರಸಾದ ದಿನಗಳಿಂದಲೇ ಕೇಳುತ್ತಾ ಬಂದಿದ್ದೇವೆ. ಸೌರ್ ಗುಹೆಯಲ್ಲಿ ಕಳೆದ ಮೂರು ರಾತ್ರಿಗಳು, ಬೆನ್ನಟ್ಟಿ ಬಂದ ಸುರಾಕನ ಕುದುರೆಯ ಕಾಲು ಹೂತು ಹೋದದ್ದು, ಯಸ್ರಿಬಿನ ಜನರು ಬಿಸಿಲಲ್ಲಿ ದಾರಿ ಕಾಯುತ್ತಾ ನಿಂತದ್ದು, ಇವೆಲ್ಲ ನಮ್ಮ ಮಕ್ಕಳಿಗೂ ಗೊತ್ತು. ಆದರೆ ಅದೇ ದಿನಗಳಲ್ಲಿ ಮಕ್ಕಾದಲ್ಲಿ, ಹಝ್ರತ್ ಅಬೂಬಕರ್(ರ)ರ ಮನೆಯೊಳಗೆ ನಡೆದ ಒಂದು ಸಣ್ಣ ಘಟನೆಯ ಕಡೆಗೆ ನಮ್ಮ ಗಮನ ಹೋಗುವುದು ಕಡಿಮೆ.

ಪ್ರವಾದಿ(ಸ)ರ ಜೊತೆ ಹೊರಡುವಾಗ ಅಬೂಬಕರ್(ರ) ಮನೆಯಲ್ಲಿ ಉಳಿದಿದ್ದ ಹಣವನ್ನೆಲ್ಲ ತೆಗೆದುಕೊಂಡು ಹೋಗಿದ್ದರು. ಅದು ಐದಾರು ಸಾವಿರ ದಿರ್ಹಮ್. ಒಂದು ಕಾಲದ ದೊಡ್ಡ ವ್ಯಾಪಾರಿಯ ಮನೆಯಲ್ಲಿ ಈಗ ಹೆಂಗಸರು ಮತ್ತು ಮಕ್ಕಳು ಮಾತ್ರ ಉಳಿದಿದ್ದರು. ಅಬೂಜಹಲ್ ಬಾಗಿಲು ತಟ್ಟಿ ತಂದೆ ಎಲ್ಲಿ ಎಂದು ಕೇಳಿ, ಉತ್ತರ ಸಿಗದಾಗ ಕಿವಿಯೋಲೆ ಕಳಚಿ ಬೀಳುವಂತೆ ಹಿರಿಯ ಮಗಳ ಕೆನ್ನೆಗೆ ಹೊಡೆದು ಹೋಗಿದ್ದ. ಆ ಮಗಳೇ ಅಸ್ಮಾ(ರ). ಆಗ ಅವರಿಗೆ ಸುಮಾರು 27 ವರ್ಷ, ಮೇಲಾಗಿ ಗರ್ಭಿಣಿ.

ಆ ಹೊತ್ತಿಗೆ ಅಬೂಬಕರ್(ರ)ರ ತಂದೆ ಅಬೂಕುಹಾಫ ಅಲ್ಲಿಗೆ ಬಂದರು. ವಯಸ್ಸು 80 ದಾಟಿತ್ತು, ಎರಡೂ ಕಣ್ಣುಗಳ ದೃಷ್ಟಿ ಹೋಗಿತ್ತು. ಅವರು ಇನ್ನೂ ಇಸ್ಲಾಮ್ ಸ್ವೀಕರಿಸಿರಲಿಲ್ಲ. ಮಗನ ದಾರಿ ಅವರಿಗೆ ಅರ್ಥವಾಗುತ್ತಿರಲಿಲ್ಲ. ದುರ್ಬಲ ಗುಲಾಮರನ್ನು ಹಣ ಕೊಟ್ಟು ಬಿಡಿಸುವ ಬದಲು ತನ್ನ ಬೆನ್ನಿಗೆ ನಿಲ್ಲಬಲ್ಲ ಗಟ್ಟಿಮುಟ್ಟಾದವರನ್ನಾದರೂ ಬಿಡಿಸಬಾರದೇ ಎಂದು ಹಿಂದೊಮ್ಮೆ ಮಗನಿಗೆ ಬುದ್ಧಿ ಹೇಳಿದವರು ಅವರು. ಈಗ ಮಗ ಊರು ಬಿಟ್ಟಿದ್ದಾನೆ, ಹಣವನ್ನೂ ಒಯ್ದು ಮಕ್ಕಳನ್ನು ಬರಿಗೈಯಲ್ಲಿ ಬಿಟ್ಟು ಹೋಗಿದ್ದಾನೆ ಎಂಬ ಚಿಂತೆ ಮುದುಕರನ್ನು ಕಾಡುತ್ತಿತ್ತು. ಅದನ್ನೇ ಅವರು ಬಾಯಿಬಿಟ್ಟು ಹೇಳಿದರು.

ಅವರ ಅನುಮಾನ ನಿಜವೇ ಆಗಿತ್ತು. ಆದರೆ ಅಸ್ಮಾ(ರ) ವಾದಕ್ಕೆ ನಿಲ್ಲಲಿಲ್ಲ. ತಂದೆ ಮಾಡಿದ್ದು ಸರಿ ಎಂದು ಸಾಧಿಸಲಿಲ್ಲ. ಕಾಣದ ನಿಮಗೇಕೆ ಈ ಮನೆಯ ಲೆಕ್ಕ ಎಂದು ಗದರಲಿಲ್ಲ. ಒಂದಷ್ಟು ಕಲ್ಲುಗಳನ್ನು ಆಯ್ದು ತಂದು, ತಂದೆ ಹಣ ಇಡುತ್ತಿದ್ದ ಗೋಡೆಯ ಗೂಡಿನಲ್ಲಿ ಇರಿಸಿ, ಮೇಲೆ ಒಂದು ಬಟ್ಟೆ ಹೊದಿಸಿದರು. ನಂತರ ಅಜ್ಜನ ಕೈ ಹಿಡಿದು ಕರೆದುಕೊಂಡು ಹೋಗಿ ಆ ಬಟ್ಟೆಯ ಮೇಲೆ ಕೈಯಿಡಿಸಿ, ತಂದೆ ನಮಗಾಗಿ ಬಹಳಷ್ಟು ಒಳಿತನ್ನು ಬಿಟ್ಟು ಹೋಗಿದ್ದಾರೆ ಎಂದರು. ಮುದುಕರು ಮುಟ್ಟಿ ನೋಡಿದರು. ಇಷ್ಟು ಬಿಟ್ಟು ಹೋಗಿದ್ದರೆ ಪರವಾಗಿಲ್ಲ, ಒಳ್ಳೆಯದನ್ನೇ ಮಾಡಿದ್ದಾನೆ, ನಿಮಗೆ ಸಾಕಾಗುತ್ತದೆ ಎಂದು ಸಮಾಧಾನಪಟ್ಟು ಹೊರಟು ಹೋದರು.

ಈ ಘಟನೆಯನ್ನು ಮುಂದೆ ಲೋಕಕ್ಕೆ ತಿಳಿಸಿದವರು ಸ್ವತಃ ಅಸ್ಮಾ(ರ). ತಂದೆ ಏನನ್ನೂ ಬಿಟ್ಟು ಹೋಗಿರಲಿಲ್ಲ, ಆ ವೃದ್ಧರ ಮನಸ್ಸು ಶಾಂತವಾಗಲಿ ಎಂದಷ್ಟೇ ಹಾಗೆ ಮಾಡಿದೆ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಇದು ಸುಳ್ಳಾಯಿತಲ್ಲವೇ ಎಂದು ಕೇಳುವವರಿದ್ದಾರೆ. ನಾಲಿಗೆಯಿಂದ ಅವರು ಹೇಳಿದ್ದು ಒಳಿತು ಎಂದು ಮಾತ್ರ, ಹಣ ಎಂದಲ್ಲ. ತಂದೆ ಬಿಟ್ಟು ಹೋದ ಸತ್ಯವಿಶ್ವಾಸಕ್ಕಿಂತ ದೊಡ್ಡ ಒಳಿತು ಆ ಹೆಣ್ಣುಮಗಳ ಪಾಲಿಗೆ ಬೇರೇನಿತ್ತು? ಹಾಗಿದ್ದರೂ ಇಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಮಾತಿನ ಜಾಣ್ಮೆಯಲ್ಲ. ಕಣ್ಣಿಲ್ಲದವರಿಗೆ ಕೈಯೇ ಕಣ್ಣು ಎಂಬುದನ್ನು ಆಕೆ ಆ ಸಂಕಟದ ನಡುವೆಯೂ ಮರೆಯಲಿಲ್ಲ. ಅಜ್ಜನಿಗೆ ಯಾವ ರೀತಿಯಲ್ಲಿ ತಿಳಿಯಲು ಸಾಧ್ಯವೋ ಆ ರೀತಿಯಲ್ಲಿ ತಿಳಿಸಿದರು.

ಮುಂದಿನ ಸುಮಾರು 70 ವರ್ಷಗಳು ಅಸ್ಮಾ(ರ)ರಿಗೆ ಈ ಪಾಠವನ್ನು ತಿರುಗಿಸಿ ತಿರುಗಿಸಿ ಕಲಿಸಿದವು. ಕೊನೆಗೆ ಅವರೂ ಕಣ್ಣು ಕಳೆದುಕೊಂಡರು.

ಅವರು ಹುಟ್ಟಿದ್ದು ಹಿಜ್ರಾಕ್ಕೆ ಸುಮಾರು 27 ವರ್ಷ ಮೊದಲು, ಮಕ್ಕಾದಲ್ಲಿ. ತಾಯಿ ಕುತೈಲಾ. ಹಝ್ರತ್ ಆಇಶಾ(ರ) ಅವರ ಮಲತಂಗಿ, ವಯಸ್ಸಿನಲ್ಲಿ ಬಹಳ ಚಿಕ್ಕವರು. ಮೊತ್ತಮೊದಲು ಇಸ್ಲಾಮ್ ಸ್ವೀಕರಿಸಿದವರಲ್ಲಿ ಅಸ್ಮಾ(ರ) 18ನೆಯವರೆಂದು ಇಬ್ನು ಇಸ್‌ಹಾಕ್ ಲೆಕ್ಕ ಕೊಡುತ್ತಾರೆ. ಪ್ರಯಾಣದ ಬುತ್ತಿಯನ್ನೂ ನೀರಿನ ಚೀಲವನ್ನೂ ಕಟ್ಟಲು ಹಗ್ಗ ಸಿಗದಾಗ ಸೊಂಟಪಟ್ಟಿಯನ್ನು ಎರಡಾಗಿ ಸೀಳಿ ಕೊಟ್ಟದ್ದರಿಂದ ಅವರಿಗೆ ಝಾತುನ್ನಿತಾಕೈನ್, ಅಂದರೆ ಎರಡು ಸೊಂಟಪಟ್ಟಿಯವರು, ಎಂಬ ಬಿರುದು ಬಂತೆಂಬುದು ಎಲ್ಲರಿಗೂ ತಿಳಿದ ವಿಷಯ. ಮದೀನಾ ಸೇರುವಾಗ ಕುಬಾದಲ್ಲಿ ಅವರಿಗೆ ಹೆರಿಗೆಯಾಯಿತು. ಮುಹಾಜಿರ್ ಕುಟುಂಬಗಳಲ್ಲಿ ಅಲ್ಲಿ ಹುಟ್ಟಿದ ಮೊದಲ ಮಗು ಅಬ್ದುಲ್ಲಾ ಬಿನ್ ಝುಬೈರ್(ರ). ಪ್ರವಾದಿ(ಸ) ಖರ್ಜೂರವನ್ನು ಜಗಿದು ಆ ಮಗುವಿನ ಬಾಯಿಗಿಟ್ಟು ಪ್ರಾರ್ಥಿಸಿದರು.

ಪತಿ ಝುಬೈರ್ ಬಿನ್ ಅವ್ವಾಮ್(ರ)ರ ಬಳಿ ಆಗ ಒಂದು ಕುದುರೆ ಮತ್ತು ನೀರು ಹೊರುವ ಒಂದು ಒಂಟೆ ಬಿಟ್ಟರೆ ಬೇರೆ ಆಸ್ತಿಯಿರಲಿಲ್ಲ. ಕುದುರೆಗೆ ಮೇವು ಹಾಕುವುದು, ನೀರು ಸೇದುವುದು, ದೂರದ ಹೊಲದಿಂದ ಖರ್ಜೂರದ ಬೀಜಗಳನ್ನು ತಲೆಯ ಮೇಲೆ ಹೊತ್ತು ತಂದು ಕುಟ್ಟುವುದು, ಎಲ್ಲವೂ ಅವರದೇ ಕೆಲಸ. ರೊಟ್ಟಿ ಮಾತ್ರ ಸರಿಯಾಗಿ ಬರುತ್ತಿರಲಿಲ್ಲ. ನೆರೆಯ ಅನ್ಸಾರಿ ಮಹಿಳೆಯರು ಸುಟ್ಟು ಕೊಡುತ್ತಿದ್ದರು. ಕೊನೆಗೆ ತಂದೆ ಒಬ್ಬ ಸೇವಕನನ್ನು ಕಳುಹಿಸಿದಾಗ ತನಗೆ ಬಿಡುಗಡೆ ಸಿಕ್ಕಂತಾಯಿತೆಂದು ಅವರು ನೆನಪಿಸಿಕೊಂಡಿದ್ದಾರೆ. ಈ ದಾಂಪತ್ಯ ಮುಂದೆ ವಿಚ್ಛೇದನದಲ್ಲಿ ಮುಗಿಯಿತು. ಆ ಬಳಿಕ ಅವರು ಹಿರಿಯ ಮಗ ಅಬ್ದುಲ್ಲಾ(ರ)ರ ಆಶ್ರಯದಲ್ಲಿದ್ದರು.

ತಾಯಿಯ ವಿಚಾರ ಇಲ್ಲಿ ಹೇಳಲೇಬೇಕು. ಕುತೈಲಾರನ್ನು ಅಬೂಬಕರ್(ರ) ಇಸ್ಲಾಮಿಗೆ ಮೊದಲೇ ವಿಚ್ಛೇದಿಸಿದ್ದರು. ಆಕೆ ವಿಗ್ರಹಾರಾಧಕಿಯಾಗಿಯೇ ಉಳಿದಿದ್ದರು. ಕುರೈಶರೊಂದಿಗೆ ಕದನವಿರಾಮ ನಡೆಯುತ್ತಿದ್ದಾಗ ಆಕೆ ಒಣದ್ರಾಕ್ಷಿ, ತುಪ್ಪ ಮುಂತಾದ ಉಡುಗೊರೆಗಳೊಂದಿಗೆ ಮಗಳನ್ನು ನೋಡಲು ಮದೀನಾಕ್ಕೆ ಬಂದರು. ಅಸ್ಮಾ(ರ) ಸಂದಿಗ್ಧದಲ್ಲಿ ಸಿಲುಕಿದರು. ಪ್ರವಾದಿ(ಸ)ರನ್ನು ಕೇಳುವ ತನಕ ತಾಯಿಯನ್ನು ಒಳಗೆ ಕರೆಯಲಿಲ್ಲ, ಉಡುಗೊರೆಯನ್ನೂ ಮುಟ್ಟಲಿಲ್ಲ. ತಾಯಿಯೊಂದಿಗೆ ಸಂಬಂಧ ಜೋಡಿಸಿಕೊಳ್ಳಬೇಕು ಎಂಬ ಉತ್ತರ ಬಂತು. ನಮ್ಮೊಂದಿಗೆ ಯುದ್ಧಕ್ಕೆ ನಿಲ್ಲದ, ನಮ್ಮನ್ನು ಮನೆಯಿಂದ ಹೊರಗಟ್ಟದ ಜನರೊಂದಿಗೆ ಒಳ್ಳೆಯ ರೀತಿಯಲ್ಲಿ ವರ್ತಿಸುವುದನ್ನು ಅಲ್ಲಾಹನು ತಡೆಯುವುದಿಲ್ಲ ಎಂಬ ಸೂರಃ ಮುಮ್ತಹಿನದ ವಚನ ಈ ಸಂದರ್ಭದಲ್ಲೇ ಅವತೀರ್ಣವಾಯಿತೆಂದು ವ್ಯಾಖ್ಯಾನಕಾರರು ತಿಳಿಸುತ್ತಾರೆ. ಬಾಗಿಲಲ್ಲಿ ನಿಂತ ತಾಯಿಗೆ ಬಾಗಿಲು ತೆರೆಯಿತು.

ಇನ್ನು ಅಜ್ಜನ ಮಾತಿಗೆ ಮರಳೋಣ. ಹಿಜ್ರಾ 8ರಲ್ಲಿ (ಕ್ರಿ.ಶ. 630) ಮುಸ್ಲಿಮ್ ಸೇನೆ ಮಕ್ಕಾದ ಹೊರಗೆ ಝೂತುವಾ ತಲುಪಿದಾಗ ಅಬೂಕುಹಾಫ ಅದೇ ಊರಿನಲ್ಲಿದ್ದರು. ಅವರು ತನ್ನ ಕಿರಿಯ ಮಗಳ ಕೈ ಹಿಡಿದು ಅಬೂಕುಬೈಸ್ ಬೆಟ್ಟ ಹತ್ತಿದರು. ಹುಡುಗಿ ಕಂಡದ್ದನ್ನು ಹೇಳುತ್ತಾ ಹೋದಳು. ಮುದುಕರು ಅದರ ಅರ್ಥ ಬಿಡಿಸುತ್ತಾ ಹೋದರು. ಏನೋ ಕಪ್ಪಗೆ ಗುಂಪಾಗಿ ಕಾಣುತ್ತಿದೆ ಎಂದಳು, ಅದು ಕುದುರೆ ಸೈನ್ಯ ಎಂದರು. ಅದರ ಮುಂದೆ ಒಬ್ಬಾತ ಅತ್ತಿಂದಿತ್ತ ಓಡಾಡುತ್ತಿದ್ದಾನೆ ಎಂದಳು, ಅವನು ಸಾಲು ಸರಿಪಡಿಸುವವನು ಎಂದರು. ಆ ಕಪ್ಪು ಚದರಿತು ಎಂದಾಗ, ಕುದುರೆಗಳನ್ನು ಬಿಟ್ಟರು, ಬೇಗ ನನ್ನನ್ನು ಮನೆ ಸೇರಿಸು ಎಂದು ಅವಸರಪಡಿಸಿದರು. ಮನೆ ತಲುಪುವ ಮೊದಲೇ ಕುದುರೆಗಳು ಎದುರಾದವು. ಹುಡುಗಿಯ ಕೊರಳಲ್ಲಿದ್ದ ಬೆಳ್ಳಿಯ ಸರವನ್ನು ಯಾರೋ ಕಿತ್ತುಕೊಂಡರು. ಅಬೂಬಕರ್(ರ) ಆಮೇಲೆ ತಂಗಿಯ ಸರಕ್ಕಾಗಿ ಜನರಲ್ಲಿ ಕೇಳಿ ನೋಡಿದರು. ಯಾರೂ ತಂದು ಕೊಡಲಿಲ್ಲ. ಕಣ್ಣಿಲ್ಲದ ತಂದೆಗೆ ಕಣ್ಣಾದ ಆ ಹುಡುಗಿಯ ಕಥೆಯನ್ನೂ ಚರಿತ್ರೆಗೆ ಕೊಟ್ಟವರು ಅಸ್ಮಾ(ರ)ರೇ. ಇಂಥ ಸಂಗತಿಗಳು ಅವರ ನೆನಪಿನಲ್ಲಿ ಉಳಿದಿದ್ದವು.

ಮಕ್ಕಾ ವಿಜಯದ ಆ ದಿನ ಅಬೂಬಕರ್(ರ) ತಂದೆಯನ್ನು ಕೈಹಿಡಿದು ಪ್ರವಾದಿ(ಸ)ರ ಬಳಿಗೆ ಕರೆತಂದರು. ಇಡೀ ನಗರವೇ ಅಧೀನವಾಗಿದ್ದ ಆ ಗಳಿಗೆಯಲ್ಲಿ ಪ್ರವಾದಿ(ಸ) ಮೊದಲು ಕೇಳಿದ್ದು, ಈ ವೃದ್ಧರನ್ನು ಮನೆಯಲ್ಲೇ ಬಿಟ್ಟಿದ್ದರೆ ನಾನೇ ಅಲ್ಲಿಗೆ ಬರುತ್ತಿರಲಿಲ್ಲವೇ ಎಂದು. ಎದುರಿಗೆ ಕುಳ್ಳಿರಿಸಿಕೊಂಡು, ಎದೆಯ ಮೇಲೆ ಕೈಯಾಡಿಸಿ ಇಸ್ಲಾಮಿಗೆ ಕರೆದರು. ಅಬೂಕುಹಾಫ ಸ್ವೀಕರಿಸಿದರು. ತಲೆ ಮತ್ತು ಗಡ್ಡ ಬಿಳಿಯ ಹೂ ಬಿಡುವ ಸಗಾಮ ಗಿಡದಂತೆ ನೆರೆತಿದ್ದವು. ಕಪ್ಪನ್ನು ಬಿಟ್ಟು ಬೇರೆ ಬಣ್ಣ ಹಚ್ಚಿ ಎಂದು ಪ್ರವಾದಿ(ಸ) ಸೂಚಿಸಿದರು. ಹೀಗೆ ಆ ಮನೆಯ ನಾಲ್ಕು ತಲೆಮಾರುಗಳು, ಅಬೂಕುಹಾಫ, ಅಬೂಬಕರ್, ಅಸ್ಮಾ, ಅಬ್ದುಲ್ಲಾ, ಸಹಾಬಿಗಳ ಸಾಲಿಗೆ ಸೇರಿದವು.

ಹಿಜ್ರಾ 12ರ ರಜಬ್ ತಿಂಗಳಲ್ಲಿ ಖಲೀಫರಾಗಿ ಅಬೂಬಕರ್(ರ) ಉಮ್ರಾಕ್ಕೆ ಬಂದಾಗಿನ ದೃಶ್ಯವನ್ನು ಇಬ್ನು ಸಅದ್ ದಾಖಲಿಸಿದ್ದಾರೆ. ತಂದೆ ಮನೆಬಾಗಿಲಲ್ಲಿ ಕೆಲವು ಯುವಕರೊಂದಿಗೆ ಮಾತನಾಡುತ್ತಾ ಕುಳಿತಿದ್ದರು. ನಿಮ್ಮ ಮಗ ಬಂದರು ಎಂದು ಯಾರೋ ಹೇಳಿದಾಗ ಎದ್ದು ನಿಲ್ಲಲು ಹೊರಟರು. ಅದನ್ನು ಕಂಡ ಅಬೂಬಕರ್(ರ) ಒಂಟೆ ಪೂರ್ತಿ ಮೊಣಕಾಲೂರುವ ಮೊದಲೇ ಕೆಳಗಿಳಿದು, ಏಳಬೇಡಿ ಅಪ್ಪಾ ಎನ್ನುತ್ತಾ ಓಡಿ ಬಂದು ತಬ್ಬಿಕೊಂಡು ಹಣೆಗೆ ಮುತ್ತಿಟ್ಟರು. ಮುದುಕರು ಸಂತೋಷದಿಂದ ಅತ್ತರು. ಆಗ ಆ ಮಗನಿಗೂ 60 ದಾಟಿತ್ತು. ಮರುವರ್ಷವೇ ಅವರು ನಿಧನರಾದರು. ಮಗನ ಸಾವಿನ ಸುದ್ದಿ ಕೇಳಲು ತಂದೆ ಬದುಕಿದ್ದರು. ವಾರೀಸು ಹಕ್ಕಿನಂತೆ ಬಂದ ಆರನೆಯ ಒಂದು ಪಾಲನ್ನು ಅವರು ಅಬೂಬಕರ್(ರ)ರ ಮಕ್ಕಳಿಗೇ ಮರಳಿಸಿದರು. ಕೆಲವೇ ತಿಂಗಳ ನಂತರ, ಹಿಜ್ರಾ 14ರಲ್ಲಿ, 97ನೆಯ ವಯಸ್ಸಿನಲ್ಲಿ ಅವರೂ ತೀರಿಕೊಂಡರು. ಅಂದು ಮೊಮ್ಮಕ್ಕಳು ಹಸಿದಾರೆಂದು ಗೂಡು ತಡವಿದ್ದ ಅದೇ ಕೈ ಕೊನೆಗೆ ಅವರಿಗೇ ಎಲ್ಲವನ್ನೂ ಬಿಟ್ಟು ಹೋಯಿತು.

ಅಸ್ಮಾ(ರ)ರ ಮುಪ್ಪು ದೀರ್ಘವಾಗಿತ್ತು. ಹಿಜ್ರಾ 36ರಲ್ಲಿ ಜಮಲ್ ಯುದ್ಧದ ದಿನ ಝುಬೈರ್(ರ) ಕೊಲ್ಲಲ್ಪಟ್ಟರು. ಹಿಜ್ರಾ 58ರಲ್ಲಿ ತಂಗಿ ಆಇಶಾ(ರ) ತೀರಿಕೊಂಡರು. ಓರಗೆಯವರೆಲ್ಲ ಒಬ್ಬೊಬ್ಬರಾಗಿ ಹೋದ ಮೇಲೂ ಇವರು ಉಳಿದರು. ದೃಷ್ಟಿ ಪೂರ್ತಿ ಹೋಯಿತು. ಆದರೆ ನೂರು ವರ್ಷವಾದರೂ ಒಂದು ಹಲ್ಲೂ ಬೀಳಲಿಲ್ಲ, ಬುದ್ಧಿಯಲ್ಲಿ ಯಾವ ಏರುಪೇರೂ ಆಗಲಿಲ್ಲ ಎಂದು ಅವರ ಮನೆತನದವರೇ ವರದಿ ಮಾಡಿದ್ದಾರೆ.

ಆ ಮುಪ್ಪಿನಲ್ಲಿ ಅವರು ಒಂದು ಮೂಲೆಯಲ್ಲಿ ಕುಳಿತಿರಲಿಲ್ಲ. ಹಜ್ಜ್‌ನಲ್ಲಿ ಮುಝ್ದಲಿಫಾದ ರಾತ್ರಿ ನಮಾಝಿಗೆ ನಿಲ್ಲುತ್ತಾ, ನಡುನಡುವೆ ಸೇವಕ ಅಬ್ದುಲ್ಲಾನನ್ನು ಮಗನೇ ಎಂದು ಕರೆದು, ಚಂದ್ರ ಮುಳುಗಿತೇ ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಮತ್ತೆ ನಮಾಝ್. ಮುಳುಗಿತು ಎಂದಾಗ ಹೊರಟು ಮಿನಾಕ್ಕೆ ಹೋಗಿ ಕಲ್ಲೆಸೆದು ಬಂದರು. ಕತ್ತಲಲ್ಲೇ ಹೊರಟುಬಿಟ್ಟೆವಲ್ಲ ಎಂದು ಆತ ಅನುಮಾನಪಟ್ಟಾಗ, ಸ್ತ್ರೀಯರಿಗೆ ಪ್ರವಾದಿ(ಸ) ಇದಕ್ಕೆ ಅನುಮತಿ ಕೊಟ್ಟಿದ್ದಾರೆಂದು ತಿಳಿಸಿದರು. ಬುಖಾರಿಯಲ್ಲಿರುವ ಈ ಹದೀಸನ್ನು ಕಾನೂನಿನ ದೃಷ್ಟಿಯಿಂದ ಎಲ್ಲರೂ ಓದುತ್ತಾರೆ. ನನಗೆ ಕಾಣುವುದು ಮತ್ತೆ ಮತ್ತೆ ಕೇಳಿದರೂ ಬೇಸರಪಡದೆ ಆಕಾಶ ನೋಡಿ ಹೇಳಿದ ಆ ಸೇವಕ.

ಇನ್ನೊಮ್ಮೆ ಮಗ ಮುಂಝಿರ್ ಇರಾಕಿನಿಂದ ಬಂದಾಗ ತಾಯಿಗೆ ಮರ್ವ್ ಮತ್ತು ಕೂಹಿಸ್ತಾನದ ನವಿರಾದ, ಬೆಲೆಬಾಳುವ ಬಟ್ಟೆ ಕಳುಹಿಸಿದರು. ಅಸ್ಮಾ(ರ) ಕೈಯಿಂದ ಮುಟ್ಟಿ ನೋಡಿ ಇದನ್ನು ಹಿಂದಕ್ಕೆ ಕೊಡಿ ಎಂದರು. ಮಗನಿಗೆ ನೋವಾಯಿತು. ಇದು ಒಳಗಿನದ್ದು ತೋರುವ ಬಟ್ಟೆಯಲ್ಲಮ್ಮ ಎಂದು ವಿವರಿಸಿದರು. ತೋರದಿದ್ದರೂ ಮೈಯ ಆಕಾರವನ್ನು ಹೇಳಿಬಿಡುತ್ತದೆ ಎಂದು ತಾಯಿ ಒಪ್ಪಲಿಲ್ಲ. ಕಣ್ಣು ಕಾಣದ ಮುದುಕಿಗೆ ಇಷ್ಟೆಲ್ಲ ಯಾಕೆ ಎಂದು ಮುಂಝಿರ್ ಗೊಣಗಲಿಲ್ಲ. ಅಮ್ಮನಿಗೆ ಒಪ್ಪುವಂಥ ಬೇರೆ ಬಟ್ಟೆ ತಂದುಕೊಟ್ಟರು. ಇಂಥದನ್ನೇ ನನಗೆ ಉಡಿಸು ಎಂದು ತಾಯಿ ಸಂತೋಷದಿಂದ ಸ್ವೀಕರಿಸಿದರು. ವಯಸ್ಸಾದವರಿಗೆ ಇಷ್ಟಾನಿಷ್ಟಗಳು ಇರುವುದಿಲ್ಲ ಎಂದು ನಾವು ಎಷ್ಟು ಬೇಗ ತೀರ್ಮಾನಿಸಿಬಿಡುತ್ತೇವೆ! ಪೆರ್ನಾಲಿಗೆ ಅಜ್ಜಿಗೆ ಯಾವ ಸೀರೆ ಬೇಕೆಂದು ಅಜ್ಜಿಯನ್ನೇ ಕೇಳುವ ಮನೆಗಳು ಎಷ್ಟಿವೆ?

ಆಇಶಾ(ರ) ಸ್ವಲ್ಪ ಸ್ವಲ್ಪ ಕೂಡಿಸಿಟ್ಟು ಒಟ್ಟಿಗೆ ಹಂಚುತ್ತಿದ್ದರು, ಅಸ್ಮಾ(ರ) ನಾಳೆಗೆಂದು ಏನನ್ನೂ ಇಡುತ್ತಿರಲಿಲ್ಲ. ಇಬ್ಬರಿಗಿಂತ ಉದಾರಿಗಳಾದ ಮಹಿಳೆಯರನ್ನು ತಾನು ಕಂಡಿಲ್ಲವೆಂದು ಅಬ್ದುಲ್ಲಾ(ರ) ಹೇಳುತ್ತಿದ್ದರು. ಜ್ವರದ ಹೆಂಗಸರನ್ನು ಇವರ ಬಳಿಗೆ ಕರೆತರುತ್ತಿದ್ದರು. ಇವರು ಪ್ರಾರ್ಥಿಸಿ ಅವರ ಎದೆಯ ಮೇಲೆ ನೀರು ಸುರಿಯುತ್ತಿದ್ದರು. ಕನಸಿನ ಅರ್ಥ ಹೇಳುವ ವಿದ್ಯೆ ತಂದೆಯಿಂದ ಇವರಿಗೆ ಬಂದಿತ್ತು, ಇವರಿಂದ ಅದನ್ನು ಕಲಿತವರು ಮದೀನಾದ ಮಹಾವಿದ್ವಾಂಸ ಸಈದ್ ಬಿನ್ ಮುಸಯ್ಯಬ್. ಕಿರಿಯ ಮಗ ಉರ್ವಾ ತಾಯಿಯ ಮುಂದೆ ಕುಳಿತು ಕೇಳಿ ಕೇಳಿಯೇ ಮದೀನಾದ ಏಳು ಪ್ರಸಿದ್ಧ ಫಕೀಹರಲ್ಲಿ ಒಬ್ಬರಾದರು. ಕಲ್ಲಿಟ್ಟ ಗೂಡಿನ ಕಥೆ ನಮಗೆ ತಲುಪಿದ್ದೂ ಅವರ ಮಕ್ಕಳು, ಮೊಮ್ಮಕ್ಕಳು ಕೇಳಿ ಉಳಿಸಿದ್ದರಿಂದ.

ಅಸ್ಮಾ(ರ)ರ ನೆನಪು ಉಳಿದದ್ದು ಅಲ್ಲಾಹನ ಅನುಗ್ರಹ. ಎಲ್ಲ ಸಜ್ಜನರಿಗೂ ಅದು ಹಾಗೆ ಉಳಿಯಲಿಲ್ಲ. ತಿಳಿದಿದ್ದ ಬಳಿಕ ಏನೂ ತಿಳಿಯದಂತಾಗುವ ಹೀನ ವಯಸ್ಸಿನ ಬಗ್ಗೆ ಪವಿತ್ರ ಕುರ್‌ಆನ್ ಸೂರಃ ನಹ್ಲ್ ಮತ್ತು ಸೂರಃ ಹಜ್ಜ್‌ನಲ್ಲಿ ಹೇಳಿದೆ. ಪ್ರವಾದಿ(ಸ) ಆ ಸ್ಥಿತಿಯಿಂದ ಅಭಯ ಯಾಚಿಸುತ್ತಿದ್ದರು. ಮರೆವು ಯಾರ ಈಮಾನಿನ ಕೊರತೆಯೂ ಅಲ್ಲ, ಯಾರಿಗೋ ತಟ್ಟಿದ ಶಾಪವೂ ಅಲ್ಲ. ಝೈದ್ ಬಿನ್ ಅರ್ಕಮ್(ರ)ರಂಥ ಸಹಾಬಿಯೇ ತನ್ನ ಇಳಿವಯಸ್ಸಿನಲ್ಲಿ, ತಾನು ಮುದುಕನಾದೆ, ಮರೆತೆ ಎಂದು ಹದೀಸ್ ಹೇಳುವುದಕ್ಕೆ ಹಿಂಜರಿದರು. ಹಿಜ್ರಾ 170ರಲ್ಲಿ ತೀರಿಕೊಂಡ ಬಸರಾದ ಹದೀಸ್ ವಿದ್ವಾಂಸ ಜರೀರ್ ಬಿನ್ ಹಾಝಿಮರ ವಿಚಾರವಂತೂ ಪ್ರತಿ ಮನೆಯವರೂ ತಿಳಿದಿರಬೇಕಾದದ್ದು. ಕೊನೆಗಾಲದಲ್ಲಿ ಅವರ ಬುದ್ಧಿ ತೊಡಕಿಗೆ ಸಿಲುಕಿತು. ಅವರ ಮಕ್ಕಳು ಹದೀಸ್ ಬಲ್ಲವರು. ತಂದೆಯಲ್ಲಿ ಆದ ಬದಲಾವಣೆ ಅರಿವಾದ ಕೂಡಲೇ, ಕೇಳಿ ಬರೆದುಕೊಳ್ಳಲು ಬರುವವರಿಂದ ತಂದೆಯನ್ನು ಮರೆಯಲ್ಲಿಟ್ಟರು. ಆ ಸ್ಥಿತಿಯಲ್ಲಿ ಅವರಿಂದ ಯಾರೂ ಒಂದು ಮಾತನ್ನೂ ಕೇಳಲಿಲ್ಲ. ಆದ್ದರಿಂದಲೇ ಅವರು ಸ್ವಸ್ಥರಿದ್ದಾಗ ಹೇಳಿದ ಹದೀಸ್‌ಗಳು ಇಂದಿಗೂ ಬುಖಾರಿ, ಮುಸ್ಲಿಮ್‌ನಂಥ ಗ್ರಂಥಗಳಲ್ಲಿ ಗೌರವದಿಂದ ಉಳಿದಿವೆ. ತಂದೆಯ ತಪ್ಪು ಮಾತನ್ನು ನೆಂಟರ ಮುಂದೆ ಹೇಳಿ ನಗಿಸುವ ಮಕ್ಕಳೂ ಇರುತ್ತಾರೆ. ತಂದೆಯ ಮಾನ ಕಾಯಲು ಬಾಗಿಲು ಮುಚ್ಚಿದವರು ಇವರು.

ಮರೆವು ಮೆದುಳಿನ ಕಾಯಿಲೆಯೂ ಆಗಿರಬಹುದು ಎಂಬುದು ಇಂದು ವೈದ್ಯರಿಗೆ ಚೆನ್ನಾಗಿ ತಿಳಿದಿದೆ. ಡಿಮೆನ್ಶಿಯಾ ಎಂದು ಕರೆಯುವ ಈ ಸ್ಥಿತಿಗೆ ಬಹುಮುಖ್ಯ ಕಾರಣವಾದ ಅಲ್‌ಝೈಮರ್ ಕಾಯಿಲೆಯನ್ನು ಜರ್ಮನಿಯ ವೈದ್ಯರೊಬ್ಬರು 1906ರಲ್ಲಿ ಮೊದಲು ವಿವರಿಸಿದರು. ಆದರೆ ಎಲ್ಲ ಮರೆವೂ ಅದೇ ಅಲ್ಲ. ಥೈರಾಯ್ಡ್ ಕೊರತೆ, ವಿಟಮಿನ್ ಬಿ-12ರ ಕೊರತೆ, ಮನಸ್ಸಿನ ಖಿನ್ನತೆ, ಕೆಲವು ಮಾತ್ರೆಗಳು ಕೂಡ ಹಿರಿಯರನ್ನು ಮಂಕಾಗಿಸುತ್ತವೆ. ಅವಕ್ಕೆ ಚಿಕಿತ್ಸೆಯಿದೆ. ವಯಸ್ಸಾಯಿತು, ಇನ್ನೇನು ಎಂದು ಕೈಬಿಡುವುದಕ್ಕೆ ಮೊದಲು ಡಾಕ್ಟರಿಗೆ ತೋರಿಸುವುದು ಮಕ್ಕಳ ಹೊಣೆ. ಬುದ್ಧಿ ಸ್ಥಿಮಿತ ಕಳೆದುಕೊಂಡವರ ಮೇಲೆ ನಮಾಝ್, ಉಪವಾಸಗಳ ಹೊಣೆಯಿಲ್ಲ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಹೀಗಿರುವಾಗ ಅಸ್ರ್ ನಮಾಝನ್ನು ಎರಡು ಸಲ ಮಾಡಿದ ಅಜ್ಜನನ್ನು ಬೈದು ತಿದ್ದುವ ಅಗತ್ಯವಿಲ್ಲ. ಮುಸ್ಸಂಜೆಗೆ ಬಟ್ಟೆ ಗಂಟು ಕಟ್ಟಿಕೊಂಡು ನನ್ನನ್ನು ಮನೆಗೆ ಬಿಡಿ ಎನ್ನುವ ಅಜ್ಜಿಗೆ ಇದೇ ನಿಮ್ಮ ಮನೆ ಎಂದು ನೂರು ಸಲ ವಾದಿಸಿ ಗೆದ್ದವರಿಲ್ಲ. ಕೈ ಹಿಡಿದು ಅಂಗಳದಲ್ಲಿ ಎರಡು ಸುತ್ತು ನಡೆಸಿ, ಒಂದು ಲೋಟ ಚಹಾ ಕೊಟ್ಟು ಒಳಗೆ ಕರೆತಂದ ಸೊಸೆಯರನ್ನು ನಾನು ಕಂಡಿದ್ದೇನೆ. ಅವರು ಅಸ್ಮಾ(ರ)ರ ಕಥೆ ಓದಿದ್ದರೋ ಇಲ್ಲವೋ ತಿಳಿಯದು. ಹೆತ್ತವರ ಸೇವೆಯ ಆಯತ್ತನ್ನು ಗಂಡುಮಕ್ಕಳು ಓದುವುದು, ಸೇವೆಯನ್ನು ಸೊಸೆ ಮಾಡುವುದು ಎಂಬ ಹಂಚಿಕೆಯಂತೂ ಶರೀಅತ್‌ನಲ್ಲಿ ಎಲ್ಲಿಯೂ ಇಲ್ಲ.

ಅಸ್ಮಾ(ರ)ರ ಕೊನೆಯ ಪರೀಕ್ಷೆ ಹಿಜ್ರಾ 73ರಲ್ಲಿ (ಕ್ರಿ.ಶ. 692) ಬಂತು. ಹಿಜಾಝ್‌ನಲ್ಲಿ ಖಲೀಫರಾಗಿ ಅಂಗೀಕಾರ ಪಡೆದಿದ್ದ ಅಬ್ದುಲ್ಲಾ ಬಿನ್ ಝುಬೈರ್(ರ)ರ ಮೇಲೆ ದಮಾಸ್ಕಸ್‌ನ ಅಬ್ದುಲ್ ಮಲಿಕ್ ಸೇನೆ ಕಳುಹಿಸಿದ್ದ. ಸೇನಾಪತಿ ಹಜ್ಜಾಜ್ ಬಿನ್ ಯೂಸುಫ್ ಆರು ತಿಂಗಳಿಗೂ ಹೆಚ್ಚು ಕಾಲ ಮಕ್ಕಾಕ್ಕೆ ಮುತ್ತಿಗೆ ಹಾಕಿ, ಕವಣೆಯಂತ್ರಗಳಿಂದ ಕಲ್ಲು ಸುರಿಸಿದ. ಸಾವಿರಾರು ಮಂದಿ ಅಬ್ದುಲ್ಲಾ(ರ)ರನ್ನು ಬಿಟ್ಟು ಹೋದರು. ಹೋದವರಲ್ಲಿ ಅವರ ಸ್ವಂತ ಮಕ್ಕಳಿಬ್ಬರೂ ಇದ್ದರು.

ಸಾವಿಗೆ ಸುಮಾರು ಹತ್ತು ದಿನ ಮೊದಲು ಅಬ್ದುಲ್ಲಾ(ರ) ಮತ್ತು ಉರ್ವಾ ತಾಯಿಯನ್ನು ನೋಡಲು ಬಂದರು. ತಾಯಿ ಕಾಯಿಲೆಯಿಂದ ಮಲಗಿದ್ದರು. ಹೇಗಿದ್ದೀರಿ ಎಂದರೆ ನೋವಿದೆ ಎಂದರು. ಸಾವಿನಲ್ಲಿ ನೆಮ್ಮದಿಯಿದೆ ಎಂಬ ಮಾತು ಮಗನ ಬಾಯಿಯಿಂದ ಬಂತು. ತಾನು ಕೊಲ್ಲಲ್ಪಡುವುದನ್ನು ಈ ವಯಸ್ಸಿನಲ್ಲಿ ತಾಯಿ ನೋಡಬೇಕಾಗುತ್ತದಲ್ಲ ಎಂಬ ಸಂಕಟ ಆ ಮಾತಿನ ಹಿಂದಿತ್ತು. ಆದರೆ ಹಾಸಿಗೆ ಹಿಡಿದವರ ಕಿವಿಗೆ ಅದು ಹೇಗೆ ಕೇಳಿಸೀತು? ನನ್ನ ಸಾವನ್ನು ಬಯಸುತ್ತೀಯಾ ಎಂದು ತಾಯಿ ಕೇಳಿಯೇಬಿಟ್ಟರು. ನಿನ್ನದು ಒಂದು ದಡ ಸೇರುವ ತನಕ ತನಗೆ ಸಾಯುವ ಆಸೆಯಿಲ್ಲ, ನೀನು ಗೆದ್ದರೆ ಕಣ್ಣು ತಂಪಾಗುತ್ತದೆ, ಕೊಲ್ಲಲ್ಪಟ್ಟರೆ ಅಲ್ಲಾಹನಲ್ಲಿ ಪ್ರತಿಫಲ ನಿರೀಕ್ಷಿಸುತ್ತೇನೆ ಎಂದರು. ಸಾವಿಗೆ ಹೆದರಿ ಒಪ್ಪಬಾರದ್ದನ್ನು ಒಪ್ಪಬೇಡ ಎಂದೂ ಎಚ್ಚರಿಸಿದರು. ಹಾಸಿಗೆಯ ಪಕ್ಕ ನಿಂತು, ಪಾಪ, ಅಲ್ಲಾಹನು ಬೇಗ ಕರೆದುಕೊಂಡರೆ ಸಾಕು ಎಂದು ಮಾತನಾಡಿಕೊಳ್ಳುವವರು ನಮ್ಮಲ್ಲೂ ಇದ್ದಾರೆ. ಹಾಸಿಗೆಯಲ್ಲಿರುವವರಿಗೆ ಕೇಳಿಸುತ್ತದೆ.

ಕೊನೆಯ ಭೇಟಿಯಲ್ಲಿ ಅಬ್ದುಲ್ಲಾ(ರ) ತಾಯಿಯ ಸಲಹೆ ಕೇಳಿದರು. ಶತ್ರುಗಳು ಬೇಕಾದ್ದನ್ನು ಕೊಡಲು ಸಿದ್ಧರಿದ್ದರು, ಶರಣಾಗಬೇಕಷ್ಟೆ. 70 ದಾಟಿದ ಮಗ, ನೂರರ ಸಮೀಪದ ಕುರುಡು ತಾಯಿಯ ಮುಂದೆ ಕುಳಿತು ದಾರಿ ಕೇಳುತ್ತಿದ್ದಾರೆ. ನೀನು ಸತ್ಯದ ಮೇಲಿದ್ದೀಯೆಂದು ನಿನಗೆ ಖಾತ್ರಿಯಿದ್ದರೆ ಮುಂದೆ ಹೋಗು, ಲೌಕಿಕಕ್ಕಾಗಿ ಹೋರಾಡಿದ್ದರೆ ನಿನ್ನನ್ನೂ ನಿನ್ನ ಜೊತೆಯವರನ್ನೂ ನೀನೇ ನಾಶಮಾಡಿದೆ ಎಂದು ತಾಯಿ ಹೇಳಿದರು. ಸತ್ತ ಮೇಲೆ ದೇಹವನ್ನು ವಿರೂಪಗೊಳಿಸುತ್ತಾರೆ ಎಂದು ಮಗ ಅಳುಕಿದಾಗ, ಕೊಯ್ದ ಆಡಿಗೆ ಚರ್ಮ ಸುಲಿಯುವ ನೋವಿಲ್ಲ ಎಂಬರ್ಥದಲ್ಲಿ ಧೈರ್ಯ ತುಂಬಿದರು. ಬೀಳ್ಕೊಡುವಾಗ ತಬ್ಬಿಕೊಂಡ ಕೈಗೆ ಮಗನ ಉಡುಪಿನಡಿಯ ಉಕ್ಕಿನ ಕವಚ ತಾಗಿತು. ಹುತಾತ್ಮತೆ ಬಯಸುವವನ ಉಡುಪು ಇದಲ್ಲ ಎಂದರು. ಅಬ್ದುಲ್ಲಾ(ರ) ಅದನ್ನು ಕಳಚಿಟ್ಟು ಹೊರಟರು. ಕೈಯಿಂದ ಲೋಕ ನೋಡುವವರನ್ನು ಒಮ್ಮೆ ಕೈಹಿಡಿದು ಗೂಡಿನ ಬಳಿಗೆ ನಡೆಸಿದ್ದವರಿಗೆ ಈಗ ಕೈಯಲ್ಲಿ ಸಿಕ್ಕಿದ್ದು ಮಗನ ಕವಚ.

ಅಂದೇ ಅವರು ಕೊಲ್ಲಲ್ಪಟ್ಟರು. ಹಜ್ಜಾಜ್ ದೇಹವನ್ನು ಶಿಲುಬೆಗೇರಿಸಿ ಇಟ್ಟ. ಮೂರು ದಿನಗಳ ನಂತರ ಎತ್ತರದ ನಿಲುವಿನ, ಕಣ್ಣಿಲ್ಲದ ಒಬ್ಬ ವೃದ್ಧೆ ಕೈಹಿಡಿಸಿಕೊಂಡು ಅಲ್ಲಿಗೆ ಬಂದುದನ್ನು ಕಂಡವರು ವರದಿ ಮಾಡಿದ್ದಾರೆ. ಈ ಸವಾರನಿಗೆ ಇನ್ನೂ ಇಳಿಯುವ ಹೊತ್ತಾಗಲಿಲ್ಲವೇ ಎಂದು ಅಸ್ಮಾ(ರ) ಹಜ್ಜಾಜ್‌ನನ್ನು ಕೇಳಿದರು. ಆತ ಅಬ್ದುಲ್ಲಾ(ರ)ರನ್ನು ಕಪಟಿ ಎಂದ. ಕಪಟಿಯಲ್ಲ, ಉಪವಾಸ ಹಿಡಿಯುವ, ರಾತ್ರಿ ನಮಾಝಿಗೆ ನಿಲ್ಲುವ, ಸಂಬಂಧ ಜೋಡಿಸುವ ಮಗನಾಗಿದ್ದ ಎಂದು ತಾಯಿ ಉತ್ತರಿಸಿದರು. ಹಜ್ಜಾಜ್‌ಗೆ ಎದುರು ಮಾತು ಹೊಳೆಯಲಿಲ್ಲ. ಹೋಗು ಮುದುಕಿ, ನಿನಗೆ ಅರಳುಮರಳು ಎಂದುಬಿಟ್ಟ.

ಎಷ್ಟು ಸುಲಭದ ಮಾತು! ಹಿರಿಯರು ಹೇಳಿದ್ದು ನಿಜವಾಗಿದ್ದು ನಮಗೆ ಬೇಡವಾಗಿದ್ದರೆ ಅದಕ್ಕೊಂದು ಹೆಸರು ಸಿದ್ಧವಾಗಿದೆ. ಪಾಲುಪಟ್ಟಿಯ ಮಾತು ಬಂದಾಗ, ಮಗಳಿಗೂ ಹಕ್ಕಿದೆ ಎಂದು ಅಜ್ಜಿ ನೆನಪಿಸಿದಾಗ, ಒಮ್ಮೆಲೇ ಅಜ್ಜಿಯ ನೆನಪು ಕೆಟ್ಟಿದೆ ಎಂದು ಮನೆಮಂದಿಗೆಲ್ಲ ಹೊಳೆಯುವುದುಂಟು. ನಿಜವಾಗಿ ಮರೆತವರನ್ನು ವಾದಿಸಿ ದಣಿಸುತ್ತೇವೆ, ಮರೆಯದವರನ್ನು ಮರೆತವರೆಂದು ಸಾರುತ್ತೇವೆ.

ಅಸ್ಮಾ(ರ) ಹಿಂದೆ ಸರಿಯಲಿಲ್ಲ. ತನಗೆ ಅರಳುಮರಳಾಗಿಲ್ಲವೆಂದು ಅಲ್ಲಾಹನ ಮೇಲೆ ಆಣೆಯಿಟ್ಟರು. ಸಕೀಫ್ ಗೋತ್ರದಿಂದ ಒಬ್ಬ ಸುಳ್ಳನೂ ಒಬ್ಬ ವಿಧ್ವಂಸಕನೂ ಹೊರಡುತ್ತಾರೆಂದು ಪ್ರವಾದಿ(ಸ) ಹೇಳಿದ್ದನ್ನು ತಾನು ಕೇಳಿದ್ದೇನೆ, ಸುಳ್ಳನನ್ನು ನೋಡಿಯಾಯಿತು, ವಿಧ್ವಂಸಕ ನೀನೇ ಎಂದರು. ಸುಳ್ಳನೆಂದರೆ ಕೂಫಾದಲ್ಲಿ ಪ್ರವಾದಿತ್ವದ ವಾದ ಹೂಡಿದ ಮುಖ್ತಾರ್ ಸಕಫಿ ಎಂದು ವಿದ್ವಾಂಸರು ವಿವರಿಸುತ್ತಾರೆ. ಸಹೀಹ್ ಮುಸ್ಲಿಮ್‌ನ ವರದಿಯಂತೆ, ಕರೆದರೆ ಬರಲೊಪ್ಪದ ಅವರನ್ನು ಜಡೆ ಹಿಡಿದು ಎಳೆದು ತರಿಸುತ್ತೇನೆಂದು ಹಜ್ಜಾಜ್ ಬೆದರಿಸಿದ್ದ. ಎಳೆದೇ ಒಯ್ಯಲಿ ಎಂದು ಅವರು ಕದಲಲಿಲ್ಲ. ಕೊನೆಗೆ ಅವನೇ ಅವರಲ್ಲಿಗೆ ಬರಬೇಕಾಯಿತು. ಎರಡು ಸೊಂಟಪಟ್ಟಿಯವಳ ಮಗನೆಂದು ಅಬ್ದುಲ್ಲಾ(ರ)ರನ್ನು ಹೀಯಾಳಿಸುತ್ತಿದ್ದವನಿಗೆ, 70 ವರ್ಷ ಹಿಂದಿನ ಆ ರಾತ್ರಿಯ ಒಂದು ಪಟ್ಟಿಯಿಂದ ಯಾರ ಬುತ್ತಿಯನ್ನು ಕಟ್ಟಿದೆ, ಇನ್ನೊಂದನ್ನು ಏನು ಮಾಡಿದೆ ಎಂದು ಬಿಡಿಸಿ ಹೇಳಿದರು. ಹಜ್ಜಾಜ್ ಮರುಮಾತಿಲ್ಲದೆ ಎದ್ದು ಹೋದ.

ಉರ್ವಾ ಅಬ್ದುಲ್ ಮಲಿಕ್‌ನ ಬಳಿಗೆ ಹೋಗಿ ಅಣ್ಣನ ದೇಹವನ್ನು ತಾಯಿಗೆ ಕೊಡಿಸಬೇಕೆಂದು ಕೇಳಿಕೊಂಡರು. ಅಪ್ಪಣೆ ಬಂತು. ದೇಹದ ಕೀಲುಗಳು ಬಿಟ್ಟುಕೊಂಡಿದ್ದರಿಂದ ಒಂದೊಂದೇ ಅಂಗವನ್ನು ತೊಳೆದು ಕಫನ್ ಹೊದಿಸಬೇಕಾಯಿತು. ತಾಯಿ ಮಗನಿಗಾಗಿ ನಮಾಝ್ ನಿರ್ವಹಿಸಿದರು. ತನ್ನ ಸಾವಿನ ಬಗ್ಗೆ ಅವರು ಮನೆಯವರಿಗೆ ಮೊದಲೇ ತಿಳಿಸಿಟ್ಟಿದ್ದರು. ಬಟ್ಟೆಗೆ ಧೂಪದ ಹೊಗೆ ಹಿಡಿಯಿರಿ, ದೇಹಕ್ಕೆ ಸುಗಂಧ ಹಚ್ಚಿ, ಕಫನ್ ಮೇಲೆ ಹಚ್ಚಬೇಡಿ, ಜನಾಝಾದ ಹಿಂದೆ ಬೆಂಕಿ ಹಿಡಿದು ಬರಬೇಡಿ. ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿ ಇದು ದಾಖಲಾಗಿದೆ. ಮಗನನ್ನು ಮಣ್ಣು ಮಾಡಿದ ಕೆಲವೇ ದಿನಗಳಲ್ಲಿ ಅವರು ಮಕ್ಕಾದಲ್ಲೇ ತೀರಿಕೊಂಡರು. ಮಕ್ಕಾದಿಂದ ಮದೀನಾಕ್ಕೆ ಹಿಜ್ರಾ ಹೋದ ಪುರುಷ ಮತ್ತು ಸ್ತ್ರೀಯರಲ್ಲಿ ಅವರೇ ಕೊನೆಯವರೆಂದು ಚರಿತ್ರೆಕಾರರು ಬರೆದಿದ್ದಾರೆ.